ಸೌಂಡ್ ಆಫ್ ಮಾಡಿ ನೋಡಿದ ಮೇಲೆ

ಹಳೆಯ ಬ್ರಿಟಿಷ್ ಕಾಮಿಡಿ ಚಿತ್ರಗಳು ನನಗೆ ಮೊದಲು ಹಿಡಿಸಲೇ ಇಲ್ಲ. ಎಲ್ಲರೂ ಹೊಗಳುತ್ತಾರಲ್ಲ ಅಂತ 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ಹಾಕಿಕೊಂಡು ಕೂತೆ. ಈಲಿಂಗ್ ಸ್ಟುಡಿಯೋದ ಚಿತ್ರ. ಮಾತು ಜಾಸ್ತಿ, ಉಚ್ಚಾರಣೆ ಕಿವಿಗೆ ಹೊಸದು. ಕಣ್ಣೆಲ್ಲ ಸಬ್‌ಟೈಟಲ್ ಮೇಲೇ ಇತ್ತು. ಚಿತ್ರ ಮುಗಿದಾಗ ಒಂದು ಮುಖವೂ ಸರಿಯಾಗಿ ನೆನಪಿರಲಿಲ್ಲ.

ಡ್ಯೂಕ್ ಪದವಿಗೂ ಕಥಾನಾಯಕನಿಗೂ ನಡುವೆ ನಿಂತ ಆ ಡಿ'ಆಸ್ಕೊಯ್ನ್ ಮನೆತನದ ಎಂಟೂ ಜನರ ಪಾತ್ರ ಮಾಡಿದ್ದು ಒಬ್ಬರೇ ನಟ, ಅಲೆಕ್ ಗಿನ್ನಿಸ್ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿ ಒಬ್ಬರು ಹೆಂಗಸು ಬೇರೆ!

ಮರುದಿನ ಅದೇ ಚಿತ್ರ ಮತ್ತೆ ಹಾಕಿದೆ. ಈ ಸಲ ಸೌಂಡ್ ಇಲ್ಲ, ಸಬ್‌ಟೈಟಲ್ ಇಲ್ಲ. ಗಿನ್ನಿಸ್ ಬಂದಾಗ ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುದಿ ಪಾದ್ರಿಯ ದವಡೆ ಸಡಿಲ, ಅವನಿಗೆ ಯಾವುದಕ್ಕೂ ಅವಸರವಿಲ್ಲ. ಅಡ್ಮಿರಲ್ ಅವನಿಗೆ ಪೂರ್ತಿ ಉಲ್ಟಾ. ಹಡಗು ಮುಳುಗುತ್ತಿದೆ, ನೀರು ಮೇಲೇರುತ್ತಿದೆ, ಆತ ಸೆಲ್ಯೂಟ್ ಹೊಡೆದ ಕೈ ಇಳಿಸದೆ ಹಾಗೇ ಮುಳುಗುತ್ತಾನೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಅಲ್ಲಿ ನಾನು ಜೋರಾಗಿ ನಕ್ಕೆ. ತಾನು ತಮಾಷೆ ಮಾಡುತ್ತಿದ್ದೇನೆ ಅನ್ನುವ ಸುಳಿವನ್ನೇ ಗಿನ್ನಿಸ್ ಕೊಡುವುದಿಲ್ಲ. ಈ ಚಿತ್ರಗಳ ಜೀವ ಇರುವುದೇ ಅಲ್ಲಿ.

ಚರ್ಚಿನಲ್ಲಿ ಆರು ಗಿನ್ನಿಸ್‌ಗಳು ಒಂದೇ ಫ್ರೇಮಿನಲ್ಲಿ ಕಾಣುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲ ಅದು. ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಕ್ಯಾಮೆರಾ ಅಲುಗದಂತೆ ಬಿಗಿದು, ಉಳಿದ ಭಾಗ ಮುಚ್ಚಿ ಒಬ್ಬರನ್ನು ತೆಗೆದರು. ಫಿಲ್ಮ್ ಹಿಂದಕ್ಕೆ ಸುತ್ತಿ, ಗಿನ್ನಿಸ್ ವೇಷ ಬದಲಿಸಿ ಬಂದ ಮೇಲೆ ಮುಂದಿನವರನ್ನು ತೆಗೆದರು. ಹೀಗೆ ಆರು ಸಲ. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಎಲ್ಲ ಹಾಳು, ಅಲ್ವಾ?

ಆಮೇಲಿಂದ ನನಗೆ ಇದೇ ರೂಢಿ. ಮೊದಲ ಸಲ ಕಥೆಗೆ, ಎರಡನೇ ಸಲ ಒಬ್ಬ ನಟನಿಗೆ. 1955ರ 'ದಿ ಲೇಡಿಕಿಲ್ಲರ್ಸ್' ನೋಡುವಾಗ ಗಿನ್ನಿಸ್‌ನ ಉಬ್ಬುಹಲ್ಲು ಬಿಟ್ಟು, ಮುದುಕಿಯಾಗಿರುವ ಕೇಟಿ ಜಾನ್ಸನ್ ಅವರನ್ನೇ ನೋಡಿದೆ. ಇಡೀ ಕಳ್ಳರ ಗುಂಪನ್ನು ಆ ಪುಟ್ಟ ಜೀವ ಗದರಿಸಿ ಟೀ ಕುಡಿಸಲು ಕೂರಿಸುವ ಗತ್ತು ನೋಡಬೇಕು!

1959ರ 'ಐ ಆಮ್ ಆಲ್ ರೈಟ್ ಜ್ಯಾಕ್' ಚಿತ್ರದಲ್ಲಿ ಪೀಟರ್ ಸೆಲ್ಲರ್ಸ್ ಯೂನಿಯನ್ ಮುಖಂಡ ಫ್ರೆಡ್ ಕೈಟ್. ಚಿಕ್ಕ ಮೀಸೆ, ಬಿಗಿದ ನಡಿಗೆ. ಆ ನಡಿಗೆ ನೋಡಲೆಂದೇ ಮತ್ತೆ ಮೊದಲಿಂದ ಹಾಕಿದೆ. ಶುರುವಿನಲ್ಲೇ ಕ್ಲಬ್ಬಿನ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದಾನೆ. ಅಲ್ಲೇ ನಿಲ್ಲಿಸಿದೆ. ಅವನೂ ಸೆಲ್ಲರ್ಸೇ.