ತೆಂಗಿನ ಚಿಪ್ಪಿನ ಪುಡಿ ಹೊಡೆದು ಇನ್‌ಟೇಕ್ ಕಾರ್ಬನ್ ತೆಗೆದೆ: ನನ್ನ ಅನುಭವ

ಚಿಪ್ಪಿನ ಪುಡಿಯಲ್ಲಿ ಎಂಜಿನ್‌ಗೆ ಗಾಳಿ ಹೋಗುವ ದಾರಿ (ಇನ್‌ಟೇಕ್) ಕ್ಲೀನ್ ಮಾಡ್ತೀನಿ ಅಂದಾಗ ತಿಪಟೂರಿನ ಬಿ.ಎಚ್. ರಸ್ತೆಯ ಅರ್ಧ ಗ್ಯಾರೇಜಿನವರು ನಕ್ಕರು. ಈಗ ಅವರೇ ಕಾರು ಕಳಿಸುತ್ತಿದ್ದಾರೆ. ರೇಟು ಮಾತ್ರ ಅವರಿಗೆ ಸ್ವಲ್ಪ ಜಾಸ್ತಿ.

ಮೊದಲು ಸಿಕ್ಕಿದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ 1.6 ಲೀಟರ್ ಡೀಸೆಲ್ ಸೆಡಾನ್. ಹತ್ತಿರ ಹತ್ತಿರ ಒಂದೂವರೆ ಲಕ್ಷ ಕಿಲೋಮೀಟರ್ ಓಡಿತ್ತು. 20 ಕೊಡುತ್ತಿದ್ದ ಮೈಲೇಜ್ 15ಕ್ಕೆ ಇಳಿದಿತ್ತು. ಓವರ್‌ಟೇಕ್‌ಗೆ ಒತ್ತಿದರೆ ಹಿಂದೆ ಕಪ್ಪು ಹೊಗೆ, ಪಿಕಪ್ ಮಾತ್ರ ಇಲ್ಲ. ಬೇರೆ ಕಡೆ ಇಂಜೆಕ್ಟರ್ ಸರ್ವಿಸ್‌ಗೆ ಆಗಲೇ 12 ಸಾವಿರ ಸುರಿದಿದ್ದರು. ಇನ್ನೊಬ್ಬರು ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನು) ಬದಲಿಸಬೇಕು, 35 ಸಾವಿರ ಅಂದಿದ್ದರಂತೆ.

ನಾನು ಟರ್ಬೊ ಮುಟ್ಟಲಿಲ್ಲ. ಇಂಜೆಕ್ಟರ್‌ಗಳಿಂದ ವಾಪಸ್ ಬರುವ ಡೀಸೆಲ್ ಅಳೆಯುವ ಲೀಕ್‌ಆಫ್ ಟೆಸ್ಟ್‌ನಲ್ಲಿ ನಾಲ್ಕೂ ಬಾಟಲಿ ಸಮ ಬಂತು, ಇಂಜೆಕ್ಟರ್‌ನಲ್ಲಿ ತೊಂದರೆ ಕಾಣಲಿಲ್ಲ. ಟರ್ಬೊದಿಂದ ಗಾಳಿ ತರುವ ಬೂಸ್ಟ್ ಹೋಸ್‌ಗೆ ಸೋಪಿನ ನೀರು ಹಾಕಿದೆ, ಎಲ್ಲೂ ಗುಳ್ಳೆ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0401 ಕೋಡ್ ಇತ್ತು, ಅಂದರೆ ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್‌ಗೆ ಕಳಿಸುವ ಇಜಿಆರ್‌ನಲ್ಲಿ ಹರಿವು ಕಮ್ಮಿ. ಅದೇ ಮಾಡೆಲ್‌ನ ಇನ್ನೊಂದು ಕಾರಿಗೆ ಹೋಲಿಸಿದರೆ 3,000 ಆರ್‌ಪಿಎಂನಲ್ಲಿ ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ರೀಡಿಂಗ್ ಸುಮಾರು ಕಾಲುಭಾಗ ಕಡಿಮೆ. ಟೆಸ್ಟ್‌ಗೆ ಅಂತ ಇಜಿಆರ್ ಪೈಪಿಗೆ ತಗಡು ಅಡ್ಡ ಇಟ್ಟು ಓಡಿಸಿದೆ, ಆಮೇಲೆ ತೆಗೆದೆ. ಐಡ್ಲಿಂಗ್ ಚೂರು ಸರಿಹೋಯಿತು, ಎಳೆತ ಬರಲಿಲ್ಲ. ಇಜಿಆರ್ ವಾಲ್ವ್ ತೆರೆದೇ ಅಂಟಿಕೊಂಡಿದ್ದರೆ ಎಳೆತ ಬರಬೇಕಿತ್ತು, ಅಲ್ವಾ? ಹಾಗಾದರೆ ಗಾಳಿಯ ದಾರಿಯೇ ಕಟ್ಟಿದೆ ಅಂತ ಆಯಿತು. ಫೋನಿಗೆ ಹಾಕುವ ಸಾವಿರ ರೂಪಾಯಿ ಚಿಲ್ಲರೆಯ ಕ್ಯಾಮೆರಾ ಒಳಗೆ ಬಿಟ್ಟೆ. ಇಜಿಆರ್ ಮಸಿಗೆ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಎಣ್ಣೆ ಸೇರಿ ಗೋಡೆಗೆ ಬೆರಳು ದಪ್ಪ ಕೂತಿತ್ತು. ಉಳಿದಿದ್ದ ತೂತಿನಲ್ಲಿ ಹೆಬ್ಬೆರಳೂ ಹೋಗುತ್ತಿರಲಿಲ್ಲ.

ಸ್ಪ್ರೇ ಕ್ಲೀನರ್ ಬಗ್ಗೆ ಕೇಳಬೇಡಿ. ಮೂರು ಡಬ್ಬಿ ಖಾಲಿ ಮಾಡಿದರೂ ಮೇಲಿನ ಪದರ ಮೆತ್ತಗಾಯಿತು ಅಷ್ಟೇ. ಓಡುತ್ತಿರುವ ಡೀಸೆಲ್ ಎಂಜಿನ್‌ಗೆ ಜಾಸ್ತಿ ಹೊಡೆದರೆ ಅದನ್ನೇ ಇಂಧನ ಮಾಡಿಕೊಂಡು ರನ್‌ಅವೇ ಆಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಇನ್‌ಟೇಕ್‌ಗೆ ಹೈಡ್ರೋಜನ್ ಗ್ಯಾಸ್ ಬಿಡುವ ಮಷೀನ್ ಕೂಡ ಹಾಕಿಸಿ ನೋಡಿದೆ, 2 ಸಾವಿರ ಹೋಯಿತು. ಮೊದಲೂ ಆಮೇಲೂ ಕ್ಯಾಮೆರಾ ಇಟ್ಟೆ, ಒಂದೇ ಚಿತ್ರ. ಆ ಗ್ಯಾಸ್ ಉರಿಯುವುದು ಸಿಲಿಂಡರ್‌ನ ಇನ್‌ಟೇಕ್ ವಾಲ್ವ್ ದಾಟಿದ ಮೇಲೆ, ಕಸ ಇರುವುದು ವಾಲ್ವ್‌ಗಿಂತ ಮೊದಲು. ಕಾಸ್ಟಿಕ್ ಸೋಡಾ ಸಲಹೆ ಕೊಟ್ಟವರೂ ಇದ್ದರು. ಗುಜರಿಯಿಂದ ತಂದ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ) ಅದರಲ್ಲಿ ಮುಳುಗಿಸಿದೆ. ಬುರುಬುರು ನೊರೆ ಎದ್ದಿತು. ಬೆಳಿಗ್ಗೆ ನೋಡಿದರೆ ಲೋಹವೇ ಕೊರೆದುಹೋಗಿತ್ತು.

ಹೊರದೇಶದ ವರ್ಕ್‌ಶಾಪ್‌ಗಳಲ್ಲಿ ಈ ಕಾರ್ಬನ್ ತೆಗೆಯಲು ಗಾಳಿಯ ಒತ್ತಡದಲ್ಲಿ ಆಕ್ರೋಟ್ ಚಿಪ್ಪಿನ ಪುಡಿ ಹೊಡೆಯುತ್ತಾರೆ. ನಾನು ಕೇಳಿದಾಗ ಕಿಲೋಗೆ 250-300 ಹೇಳಿದರು. ತಿಪಟೂರಿನಲ್ಲಿ ಕೂತು ಚಿಪ್ಪಿಗೆ ಅಷ್ಟು ದುಡ್ಡು ಕೊಡೋದಾ? ಅಗರಬತ್ತಿಯವರು ಕೊಳ್ಳುವ ತೆಂಗಿನ ಚಿಪ್ಪಿನ ಪುಡಿ ತಂದೆ. ತೀರಾ ನುಣ್ಣಗೆ, ಸುಮ್ನೆ ಧೂಳು ಎದ್ದಿತು. ಮೆಣಸಿನಪುಡಿ ಮಿಲ್ಲಿನವರು ಚಿಪ್ಪು ನೋಡಿಯೇ ಓಡಿಸಿದರು. ಕೊನೆಗೆ ದನದ ಫೀಡ್ ಮಾಡುವ ಹ್ಯಾಮರ್ ಮಿಲ್ಲಿನಲ್ಲಿ ಒಡೆಸಿದೆ. ನಾರು ಉಳಿದರೆ ನಾಜಲ್ ಕಟ್ಟುತ್ತದೆ, ಹಾಗಾಗಿ ಮೊದಲೇ ಕೆರೆಯಬೇಕು. ಎರಡು ಜರಡಿ ಹಿಡಿದು ಉಪ್ಪಿಟ್ಟು ರವೆ ಗಾತ್ರದ್ದು ಮಾತ್ರ ಇಟ್ಟುಕೊಳ್ಳಬೇಕು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ಎಲ್ಲಾ ಸೇರಿ ಕಿಲೋಗೆ 40 ರೂಪಾಯಿ ಆಗಿರಬಹುದು.

ಆದರೂ ಮೊದಲ ಸಲ ಕೆಟ್ಟಿತು. ಡೀಸೆಲ್‌ನ ಮಸಿ ಒದ್ದೆ. ಪುಡಿ ಅದಕ್ಕೆ ಅಂಟಿ ಮುದ್ದೆಯಾಗಿ, ಸಿಲಿಂಡರ್‌ಗೆ ಗಾಳಿ ಹೋಗುವ ತೂತಿನಲ್ಲೇ (ಪೋರ್ಟ್) ಕೂತಿತು, ಅದನ್ನು ಕೆದಕಿ ತೆಗೆಯಲು ಅರ್ಧ ದಿನ ಹೋಯಿತು. ಜನ ಇನ್ನೂ ಜಾಸ್ತಿ ನಕ್ಕಿದ್ದು ಆವಾಗಲೇ. ಗುಟ್ಟು ಇರುವುದೂ ಇಲ್ಲೇ: ಒದ್ದೆ ಪದರವನ್ನು ಮೊದಲು ತೆಗೆಯಬೇಕು. ಮ್ಯಾನಿಫೋಲ್ಡ್ ಬಿಚ್ಚಿ ರಾತ್ರಿಯಿಡೀ ನೆನೆ ಹಾಕುತ್ತೇನೆ. ಡೀಸೆಲ್ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಹೇಳಲ್ಲ. ಪೋರ್ಟ್‌ಗಳನ್ನು ಮರದ ಕಡ್ಡಿಯಲ್ಲಿ ಕೆರೆದು, ಕಾರ್ಬ್ ಕ್ಲೀನರ್‌ನಲ್ಲಿ ತೊಳೆದು, ಗಾಳಿ ಹಿಡಿದು ಒಣಗಿಸುತ್ತೇನೆ. ಉಳಿದ ಗಟ್ಟಿ ಪದರಕ್ಕೆ ಮಾತ್ರ ಚಿಪ್ಪಿನ ಪುಡಿ, 6 ಬಾರ್ ಆಸುಪಾಸು. ಕಂಪ್ರೆಸರ್‌ಗೆ ನೀರಿನ ಸೆಪರೇಟರ್ ಇಲ್ಲದಿದ್ದರೆ ಕೈ ಹಾಕಲೇಬೇಡಿ.

ಯಾವ ಸಿಲಿಂಡರ್‌ಗೆ ಹೊಡೆಯುತ್ತೀರೋ ಅದು ಕಂಪ್ರೆಷನ್ ಟಿಡಿಸಿಯಲ್ಲಿ ಇರಬೇಕು, ಅಂದರೆ ಪಿಸ್ಟನ್ ತೀರಾ ಮೇಲೆ, ವಾಲ್ವ್‌ಗಳೆಲ್ಲ ಮುಚ್ಚಿರಬೇಕು. 1ನೇದು ಅಲ್ಲಿದ್ದಾಗ 4ನೇದರ ವಾಲ್ವ್ ಚೂರು ಬಾಯಿ ಬಿಟ್ಟಿರುತ್ತದೆ. ಉಳಿದ ಮೂರೂ ಪೋರ್ಟ್‌ಗೆ ಬಟ್ಟೆ ತುರುಕಿ ಟೇಪ್ ಹಾಕಿ. ನಾಜಲ್ ಪಕ್ಕದಲ್ಲೇ ವ್ಯಾಕ್ಯೂಮ್ ಎಳೆಯುವಂತೆ ಅಡಾಪ್ಟರ್ ನಾನೇ ಮಾಡಿಕೊಂಡೆ. ಅದರ ಅಳತೆಯೂ ನನ್ನ ಹತ್ರವೇ ಇರಲಿ. ಕೊನೆಗೆ ಕ್ಯಾಮೆರಾ ಬಿಟ್ಟು ನೋಡದೆ ಮ್ಯಾನಿಫೋಲ್ಡ್ ಕೂರಿಸಬಾರದು. ಒಂದೆರಡು ಕಾಳು ಚಿಪ್ಪು ಉಳಿದರೆ ಉರಿದು ಹೋಗುತ್ತದೆ ಅಂತ ಧೈರ್ಯ ಇದೆ. ಮರಳು ಹೊಡೆಯುವವರ ಸಿಲಿಂಡರ್ ಗೋಡೆಗೆ ಆ ಭಾಗ್ಯ ಇಲ್ಲ.

ಆ ಸೆಡಾನ್‌ನ ವಾಲ್ವ್ ಹಿಂಭಾಗದಲ್ಲಿ ಕೊನೆಗೆ ಬಿಳಿ ಲೋಹ ಕಂಡಿತು. ಹೊಸ ಗ್ಯಾಸ್ಕೆಟ್ ಸೇರಿ ಖರ್ಚು ಸಾವಿರದೈನೂರು, ನಾನು ತಗೊಂಡಿದ್ದು 5 ಸಾವಿರ. ಮೈಲೇಜ್ 19ರ ಹತ್ತಿರ ಬಂತು ಅಂತ ವ್ಯಾಪಾರಿಯೇ ಫೋನ್ ಮಾಡಿದರು. ಹಳೇ ಟರ್ಬೊನೇ ಈಗಲೂ ಓಡುತ್ತಿದೆ.

ಅದೇ ಕಾರಿನ ಬ್ರೀದರ್ ಪೈಪಿಗೆ ಒಂದು ಕ್ಯಾಚ್ ಕ್ಯಾನ್ (ಎಣ್ಣೆ ಹಿಡಿದಿಡುವ ಡಬ್ಬಿ) ಕೂಡ ಹಾಕಿದ್ದೇನೆ. ಮೂರ್ನಾಲ್ಕು ಸಾವಿರ ಕಿಲೋಮೀಟರ್‌ಗೆ ಅರ್ಧ ಟೀ ಲೋಟದಷ್ಟು ಎಣ್ಣೆ ಸಿಗುತ್ತಿದೆ. ಇದರಿಂದ ಕಾರ್ಬನ್ ಎಷ್ಟು ಕಮ್ಮಿಯಾಗುತ್ತದೆ ಅಂತ ನೋಡಲು ಮುಂದಿನ ಸರ್ವಿಸ್‌ಗೆ ಮತ್ತೆ ಕ್ಯಾಮೆರಾ ಬಿಡಬೇಕು.