ಹುಲ್ಲಿನೊಳಗಿನ ಪುಟ್ಟ ಜೀರುಂಡೆ: ಹುಡುಕೋದು, ಗುರುತಿಸೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಈ ಹುಳುವನ್ನು ಬರೀ ಫೋಟೊ ತೆಗೆದು ಗುರುತಿಸಲು ಹೊರಟರೆ ಅರ್ಧ ದಾರಿಯಲ್ಲೇ ನಿಲ್ಲುತ್ತೀರಿ. ಮೊದಲು ಕಿವಿ, ಆಮೇಲೆ ಕಣ್ಣು.

ನಾನು ಹೇಳುತ್ತಿರುವುದು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ, ತರಗೆಲೆ ಅಡಿಯಲ್ಲಿ ಓಡಾಡುವ ಪುಟ್ಟ ಜೀರುಂಡೆಗಳ ಬಗ್ಗೆ. ಉದ್ದ ಸಾಮಾನ್ಯವಾಗಿ 5ರಿಂದ 12 ಮಿ.ಮೀ. ಅಷ್ಟೆ. ಬಚ್ಚಲ ಮೂಲೆಯಲ್ಲಿ ಕೂತು ರಾತ್ರಿಯೆಲ್ಲ ನಿದ್ದೆ ಕೆಡಿಸುವ ದಪ್ಪ ಜೀರುಂಡೆ ಬೇರೆ. ಬೇಸಿಗೆ ಮಧ್ಯಾಹ್ನ ಮರದ ಮೇಲೆ ಕೂತು ಕಿವಿ ತೂತಾಗುವಂತೆ ಕಿರುಚುವುದನ್ನೂ ನಾವು ಜೀರುಂಡೆ ಅಂತಲೇ ಕರೆಯುತ್ತೇವೆ, ಆದರೆ ಅದು ರಸ ಹೀರುವ ಹುಳು, ಸಂಬಂಧದಲ್ಲಿ ತಿಗಣೆಗೆ ಹತ್ತಿರ. ಅದನ್ನು ಇಲ್ಲಿಗೆ ತರಬೇಡಿ.

ಹುಡುಕಲು ಒಳ್ಳೆಯ ಕಾಲ ಅಂದರೆ ಮಳೆ ಶುರುವಾಗಿ ನೆಲ ಹಸಿಯಾದ ಮೇಲೆ. ಗದ್ದೆ ಬದು, ಕೆರೆ ಅಂಚು, ತೋಟದ ಕಾಲುವೆ ಪಕ್ಕ, ದಿನಾ ನೀರು ಬಿಡುವ ಪಾರ್ಕಿನ ಹುಲ್ಲುಹಾಸು, ಇವೆಲ್ಲ ಒಳ್ಳೆ ಜಾಗಗಳು. ರಾತ್ರಿಯೇ ಹೋಗಬೇಕು ಅಂತೇನಿಲ್ಲ. ಇವುಗಳಲ್ಲಿ ಸುಮಾರು ಜಾತಿಗಳು ಹಗಲಲ್ಲೂ ಹಾಡುತ್ತವೆ, ಅದಕ್ಕೇ ಹೊಸಬರಿಗೆ ಇದು ಅನುಕೂಲದ ಹುಳು.

ಸದ್ದು ಕೇಳಿದ ತಕ್ಷಣ ಅದರ ಕಡೆಗೆ ದಬದಬ ನಡೆದರೆ ಸುಮ್ಮನಾಗಿಬಿಡುತ್ತದೆ. ನೆಲದ ಅದುರು ಅದಕ್ಕೆ ತಿಳಿಯುತ್ತದೆ, ಬಾಲದ ಹತ್ತಿರ ಇರುವ ಎರಡು ಎಳೆಗಳ ಕೂದಲಿಗೆ ಗಾಳಿ ಅಲುಗಿದ್ದೂ ತಿಳಿಯುತ್ತದೆ. ಹಾಗಾಗಿ ಎರಡು ಹೆಜ್ಜೆ ಇಡಿ, ನಿಲ್ಲಿ, ಅದು ಮತ್ತೆ ಶುರು ಮಾಡುವ ತನಕ ಕಾಯಿರಿ. ಇಬ್ಬರಿದ್ದರೆ ಇನ್ನೂ ಸುಲಭ: ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತು ಸದ್ದು ಬರುವ ದಿಕ್ಕಿಗೆ ಕೈ ತೋರಿಸಿ, ಎರಡು ಗೆರೆ ಸೇರುವ ಜಾಗದಲ್ಲಿ ಹುಲ್ಲನ್ನು ಮೆಲ್ಲಗೆ ಬಿಡಿಸಿ. ರಾತ್ರಿಯಾದರೆ ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಕಟ್ಟಿ. ಜಿಗಿಯುವ ಹುಳುವಿನ ಮೇಲೆ ಕೈ ಹಾಕಬೇಡಿ, ಹಿಂಗಾಲು ಕಳಚಿ ಕೈಗೆ ಬರುತ್ತದೆ. ಪಾರದರ್ಶಕ ಡಬ್ಬಿಯನ್ನು ಮೇಲಿಂದ ಮುಚ್ಚಿ, ಅಡಿಗೆ ಗಟ್ಟಿ ಕಾಗದ ಜಾರಿಸಿ. ಹಾವು ಚೇಳು ಇರುವ ಜಾಗದಲ್ಲಿ ಬರಿಗೈ ಬರಿಗಾಲು ಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಸಿಕ್ಕಿತು ಅಂದುಕೊಳ್ಳಿ. ಮೊದಲ ಪ್ರಶ್ನೆ: ಇದು ನಿಜವಾಗಿಯೂ ಪುಟ್ಟ ಜಾತಿಯೋ ಅಥವಾ ದಪ್ಪ ಜೀರುಂಡೆಯ ಮರಿಯೋ? ಹಾಡುತ್ತಿದ್ದರೆ ಅದು ಬೆಳೆದ ಗಂಡು, ಚರ್ಚೆಯೇ ಇಲ್ಲ, ಯಾಕೆಂದರೆ ಮರಿಗೆ ಹಾಡುವ ರೆಕ್ಕೆ ಇರುವುದಿಲ್ಲ. ಹೆಣ್ಣಾದರೆ ಹಿಂದೆ ಮೊಟ್ಟೆ ಇಡುವ ಸೂಜಿ ಪೂರ್ತಿ ಬೆಳೆದಿರುತ್ತದೆ, ಬೆನ್ನ ಮೇಲೆ ನರ ಕಾಣುವ ರೆಕ್ಕೆಯೂ ಇರುತ್ತದೆ. ಎರಡನೆಯದು ಹಿಂಗಾಲು. ಒಂದು ಭೂತಗನ್ನಡಿ ತಗೊಂಡು ಕಣಕಾಲು ನೋಡಿ. ದಪ್ಪ ಜೀರುಂಡೆಗೆ ಅಲ್ಲಿ ಗಿಡ್ಡ, ಗಟ್ಟಿ, ಅಲುಗದ ಮುಳ್ಳುಗಳು. ನಮ್ಮ ಪುಟ್ಟದಕ್ಕೆ ಉದ್ದನೆಯ, ಕೂದಲಿರುವ, ಬುಡದಲ್ಲಿ ಅಲುಗುವ ಮುಳ್ಳುಗಳು. ಇದೊಂದು ಗುರುತು ಗಟ್ಟಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಇನ್ನೊಂದು ಗೊಂದಲ ಎಲೆ ಮೇಲೆ ಇರುವ ಅದರ ದಾಯಾದಿಗಳದ್ದು. ಅವೂ ಇಷ್ಟೇ ಚಿಕ್ಕವು. ಆದರೆ ಅವುಗಳ ಪಾದದ ನಡುವಿನ ತುಂಡು ಚಪ್ಪಟೆಯಾಗಿ ಅಗಲವಾಗಿರುತ್ತದೆ, ಎಲೆಗೆ ಅಂಟಿಕೊಳ್ಳಲು. ಹೆಣ್ಣಿನ ಸೂಜಿಯೂ ಕತ್ತಿಯ ಥರ ಮೇಲಕ್ಕೆ ಬಾಗಿರುತ್ತದೆ. ನೆಲದವುಗಳ ಪಾದ ಸಪೂರ, ಸೂಜಿ ಹೆಚ್ಚುಕಡಿಮೆ ನೇರ.

ವರ್ಗೀಕರಣದ ವಿಷಯ ಚುಟುಕಾಗಿ. ಮಿಡತೆ ಇರುವ ಆರ್ಥಾಪ್ಟೆರಾ ಗಣ, ಅದರಲ್ಲಿ ಉದ್ದ ಮೀಸೆಯವುಗಳ ಗುಂಪು ಎನ್ಸಿಫೆರಾ, ಅದರೊಳಗೆ ಇವುಗಳ ಉಪಕುಟುಂಬ ನೆಮೋಬಿಯಿನೇ. ಹಳೆ ಪುಸ್ತಕಗಳಲ್ಲಿ ಇದನ್ನು ಗ್ರಿಲ್ಲಿಡೇ ಕುಟುಂಬದ ಕೆಳಗೆ ಹಾಕಿರುತ್ತಾರೆ. ಈಗ, ಅಂದರೆ 2016ರಲ್ಲಿ ಡಿಎನ್‌ಎ ಆಧಾರದ ವಂಶವೃಕ್ಷ ಬಂದಮೇಲೆ, ಎಲೆ ಮೇಲಿನ ಆ ದಾಯಾದಿಗಳ ಜೊತೆ ಸೇರಿಸಿ ಟ್ರೈಗೊನಿಡಿಯಿಡೇ ಎಂಬ ಬೇರೆ ಕುಟುಂಬದಲ್ಲಿ ಇಡುತ್ತಾರೆ. ಎರಡು ಪುಸ್ತಕದಲ್ಲಿ ಎರಡು ಥರ ಕಂಡರೆ ಗಾಬರಿ ಬೇಡ, ಹುಳು ಒಂದೇ.

ನಮ್ಮ ಕಡೆ ಹುಡುಕುವವರು ಮೂರು ಹೆಸರು ನೆನಪಿಟ್ಟರೆ ಸಾಕು. ಒಂದು ಡೈಯನೆಮೋಬಿಯಸ್ ಫ್ಯಾಸಿಪೆಸ್, ಕಾಲಿನ ಮೇಲೆ ಕಪ್ಪು-ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಎರಡನೆಯದು ಪೋಲಿಯೊನೆಮೋಬಿಯಸ್ ಟ್ಯಾಪ್ರೊಬೇನೆನ್ಸಿಸ್, ಹುಲ್ಲುಹಾಸಿನ ತಿಳಿ ಕಂದು ಹುಳು, ಮೈ ಬದಿ ಮಾತ್ರ ಗಾಢ. ಹೆಸರಲ್ಲೇ ಸಿಂಹಳ ದ್ವೀಪ ಇದೆ, ಟ್ಯಾಪ್ರೊಬೇನ್ ಅನ್ನುವುದು ಅದರ ಹಳೆ ಗ್ರೀಕ್ ಹೆಸರು. ಎರಡನ್ನೂ ವಿವರಿಸಿ ಹೆಸರಿಟ್ಟದ್ದು ಇಂಗ್ಲೆಂಡಿನ ಕೀಟತಜ್ಞ ಫ್ರಾನ್ಸಿಸ್ ವಾಕರ್, 1869ರಲ್ಲಿ. ಮೂರನೆಯದು ಟೆರೊನೆಮೋಬಿಯಸ್ ಕುಲ, ಒದ್ದೆ ಜಾಗದಲ್ಲಿ ಜಾಸ್ತಿ, ಬಣ್ಣ ಸಾಮಾನ್ಯವಾಗಿ ಕಪ್ಪುಗಂದು. ಇದರಲ್ಲಿ ಜಾತಿಯ ತನಕ ಹೋಗುವ ಆಸೆ ಸದ್ಯಕ್ಕೆ ಬಿಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಹಾಡು. ಗಂಡು ಎರಡು ಮೇಲು ರೆಕ್ಕೆಗಳನ್ನು ಎತ್ತಿ ಒಂದಕ್ಕೊಂದು ಉಜ್ಜುತ್ತದೆ. ಬಲ ರೆಕ್ಕೆ ಮೇಲೆ, ಅದರ ಅಡಿಯಲ್ಲಿ ಗರಗಸದ ಥರ ಹಲ್ಲಿನ ಸಾಲು. ಎಡ ರೆಕ್ಕೆಯ ಅಂಚು ಅದನ್ನು ಗೀರುತ್ತದೆ. ಕೇಳುವ ಕಿವಿ ಇರುವುದು ತಲೆಯಲ್ಲಲ್ಲ, ಮುಂಗಾಲಿನಲ್ಲಿ. ಒಂದೊಂದು ಜಾತಿಗೂ ಹಾಡಿನ ತುಣುಕುಗಳ ಲಯ ಬೇರೆ, ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತು ಹಿಡಿಯುವುದೇ ಅದರಿಂದ. ಹೆಣ್ಣು ಯಾವುದನ್ನು ನಂಬುತ್ತದೋ ಅದನ್ನೇ ನಾವೂ ನಂಬಬೇಕು, ಅಷ್ಟೆ ಲೆಕ್ಕ.

ಇದು ಸುಮ್ನೆ ಮಾತಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಒಂದೇ ಜಾತಿ ಅಂದುಕೊಂಡಿದ್ದ ಪಟ್ಟೆ ತಲೆಯ ಹುಲ್ಲು ಜೀರುಂಡೆಯನ್ನು 1959ರಲ್ಲಿ ರಿಚರ್ಡ್ ಅಲೆಕ್ಸಾಂಡರ್ ಮತ್ತು ಎಡ್ವರ್ಡ್ ಥಾಮಸ್ ಎಂಬ ಸಂಶೋಧಕರು ಹಾಡು ಮತ್ತು ವಾಸದ ಜಾಗ ನೋಡಿ ಮೂರು ಮಾಡಿದರು. ಈಗ ಅವು ಅಲ್ಲೊನೆಮೋಬಿಯಸ್ ಕುಲದಲ್ಲಿವೆ: ಒದ್ದೆ ಹುಲ್ಲಿನಲ್ಲಿ ಫ್ಯಾಸಿಯೇಟಸ್, ಒಣ ಬಯಲು ಹುಲ್ಲಿನಲ್ಲಿ ಅಲ್ಲಾರ್ಡಿ, ಒಣ ಕಾಡಿನ ತರಗೆಲೆಯಲ್ಲಿ ಟಿನ್ನುಲಸ್. ಅಲ್ಲಾರ್ಡಿ ಚಕಚಕ ಅಂತ ಬೇಗ ಬೇಗ ಹಾಡುತ್ತದೆ, ಟಿನ್ನುಲಸ್ ಅದೇ ಥರದ ತುಣುಕನ್ನು ನಿಧಾನಕ್ಕೆ ಟಿಣ್ ಟಿಣ್ ಅನ್ನಿಸುತ್ತದೆ. ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರು ಆಗಸ್ಟ್-ಸೆಪ್ಟೆಂಬರಿನಲ್ಲಿ ಹಿತ್ತಲಲ್ಲಿ ಒಮ್ಮೆ ಕಿವಿ ಕೊಟ್ಟು ನೋಡಿ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸ್ವಾತಿ ದಿವಾಕರ್ ಮತ್ತು ರೋಹಿಣಿ ಬಾಲಕೃಷ್ಣನ್ ಕುದುರೆಮುಖದ ಕಾಡಿನಲ್ಲಿ ಹಾಡುವ ಜೀರುಂಡೆಗಳ ಕೂಗನ್ನು, ಯಾವುದು ಯಾವ ಹೊತ್ತಿಗೆ ಹಾಡುತ್ತದೆ ಅನ್ನುವುದನ್ನು ದಾಖಲಿಸಿ 2007ರಲ್ಲಿ ಪ್ರಕಟಿಸಿದ್ದಾರೆ.

ರೆಕಾರ್ಡ್ ಮಾಡಲು ಫೋನೇ ಸಾಕು. ಆದರೆ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಬೇಡ, ಮಾತಿಗೆ ಹೊಂದುವಂತೆ ಸದ್ದನ್ನು ಹಿಂಡಿಬಿಡುತ್ತದೆ. ಇವುಗಳ ಸ್ವರ 5 ಕಿಲೊಹರ್ಟ್ಜ್‌ಗಿಂತ (ಸೆಕೆಂಡಿಗೆ ಐದು ಸಾವಿರ ಕಂಪನ) ಮೇಲಿರುವುದೇ ಜಾಸ್ತಿ. ಸದ್ದನ್ನು ಹಿಂಡದೆ ಇಡುವ ವೇವ್ (.wav) ಫೈಲಿನಲ್ಲಿ ಉಳಿಸುವ ಯಾವುದಾದರೂ ರೆಕಾರ್ಡರ್ ಹಾಕಿಕೊಳ್ಳಿ, ಗದ್ದಲ ಕಡಿಮೆ ಮಾಡುವ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ಫೋನು ಜೀರುಂಡೆಯನ್ನೇ ಗದ್ದಲ ಅಂದುಕೊಂಡು ಅಳಿಸುತ್ತದೆ! ಒಂದು ನಿಮಿಷ ರೆಕಾರ್ಡ್ ಮಾಡಿ, ಕೊನೆಯಲ್ಲಿ ನಿಮ್ಮ ದನಿಯಲ್ಲೇ ಜಾಗ, ಹೊತ್ತು, ತಾಪಮಾನ ಹೇಳಿ. ತಾಪಮಾನ ಬಿಡಲೇಬೇಡಿ. ಬಿಸಿ ಏರಿದಂತೆ ಲಯ ಚುರುಕಾಗುತ್ತದೆ, ಹಾಗಾಗಿ ತಣ್ಣನೆ ಬೆಳಗಿನ ಹಾಡನ್ನೂ ಬಿಸಿಲ ಹಾಡನ್ನೂ ಹೋಲಿಸಿ ಎರಡು ಜಾತಿ ಅಂದುಬಿಡುವ ಸಾಧ್ಯತೆ ಇದೆ.

ಒಂದೆರಡು ದಿನ ಇಟ್ಟುಕೊಂಡು ನೋಡುವ ಆಸೆ ಇದ್ದರೆ ಡಬ್ಬಿಯಲ್ಲಿ ಒದ್ದೆ ಮರಳು, ನಾಲ್ಕು ತರಗೆಲೆ, ಸೌತೆಕಾಯಿ ಚೂರು, ಸ್ವಲ್ಪ ಮೀನಿನ ಪುಡಿ ಆಹಾರ. ಇವು ಹುಲ್ಲು, ಕೊಳೆತ ಎಲೆ, ಸತ್ತ ಹುಳು ಎಲ್ಲವನ್ನೂ ತಿನ್ನುತ್ತವೆ. ಹೆಣ್ಣು ಸೂಜಿಯನ್ನು ಮರಳಿಗೆ ನೆಟ್ಟು ಒಂದೊಂದೇ ಮೊಟ್ಟೆ ಇಳಿಸುವುದು ಡಬ್ಬಿಯ ಗೋಡೆ ಪಕ್ಕದಲ್ಲಾದರೆ ಚೆನ್ನಾಗಿ ಕಾಣುತ್ತದೆ, ಮೊಟ್ಟೆ ಅಕ್ಕಿ ನುಚ್ಚಿನಂತೆ ಬೆಳ್ಳಗೆ, ಇನ್ನೂ ಸಣ್ಣ. ಚಳಿ ದೇಶಗಳಲ್ಲಿ ಹೆಚ್ಚಿನವು ಚಳಿಗಾಲವನ್ನು ಹೀಗೆ ಮೊಟ್ಟೆಯಾಗಿಯೇ ಕಳೆಯುತ್ತವೆ. ಗಂಡಿನ ಹಿಂಗಾಲ ಮುಳ್ಳನ್ನೂ ಮತ್ತೊಮ್ಮೆ ನೋಡಿ: ಅಲ್ಲೊನೆಮೋಬಿಯಸ್‌ನಲ್ಲಿ ಕೂಡುವಾಗ ಹೆಣ್ಣು ಆ ಮುಳ್ಳೊಂದನ್ನು ಕಚ್ಚಿ ಒಳಗಿನ ದ್ರವ ಕುಡಿಯುತ್ತದೆ, ಆಮೇಲೆ ಮುಳ್ಳು ಮೊಂಡಾಗಿ ಉಳಿಯುತ್ತದೆ. ಅಂಥ ಮೊಂಡು ಮುಳ್ಳು ಕಂಡರೆ ಹತ್ತಿರದ ಫೋಟೊ ತೆಗೆದಿಡಿ.

ಬೀದಿ ದೀಪಕ್ಕೆ ಉದ್ದ ರೆಕ್ಕೆಯದು ಹಾರಿ ಬಂದರೆ ಬೇರೆ ಜಾತಿ ಅಂತ ಹಾರಾಡಬೇಡಿ. ಒಂದೇ ಜಾತಿಯಲ್ಲಿ ಗಿಡ್ಡ ರೆಕ್ಕೆಯವೂ ಉದ್ದ ರೆಕ್ಕೆಯವೂ ಇರುತ್ತವೆ.

ಜೀವಿಗಳ ಫೋಟೊ, ಸದ್ದು ಹಾಕಿ ಗುರುತಿಸಲು ನೆರವು ಪಡೆಯುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವಾಗ ಬೆನ್ನು, ಬದಿ, ಹಿಂಗಾಲು ಮೂರೂ ಫೋಟೊ ಮತ್ತು ಆಡಿಯೊ ಒಂದೇ ದಾಖಲೆಯಲ್ಲಿ ಸೇರಿಸಿ, ನೆಲ ಒದ್ದೆಯೋ ಒಣವೋ ಬರೆಯಿರಿ. ಹುಳುವನ್ನು ಹಿಡಿದ ಜಾಗದಲ್ಲೇ ಬಿಡಿ. ಮರಳಲ್ಲಿ ಮೊಟ್ಟೆ ಇಟ್ಟಿದ್ದರೆ ಆ ಮರಳನ್ನೂ ಅಲ್ಲೇ ನೆರಳಿರುವ ಒದ್ದೆ ಮಣ್ಣಿನ ಮೇಲೆ ಸುರಿಯಿರಿ.