ಓಡುವ ಮನೆ ಕೊಳ್ಳುವ ಮುನ್ನ ಮೂಲ ಕಾಗದ ಕೇಳಿ

ಡಲ್ಲಾಸ್ ಪಕ್ಕದ ಊರಿನಲ್ಲಿರುವ ನನ್ನ ಭಾಮೈದ 2023ರ ಬೇಸಿಗೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆರ್‌ವಿ ಕೊಂಡ. ಆರ್‌ವಿ ಅಂದರೆ ಒಲೆ, ಫ್ರಿಜ್, ಹಾಸಿಗೆ, ಟಾಯ್ಲೆಟ್ ಎಲ್ಲ ಇರುವ ಓಡುವ ಮನೆ. ಅತ್ತೆ ಮಾವ ಊರಿನಿಂದ ಆರು ತಿಂಗಳಿಗೆ ಬಂದಿದ್ದರು. ಅವರನ್ನು ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋಗುವ ಆಸೆ ಅವನದು. ಡೀಲರ್ ಹಿಂದಿನ ಗಾಜಿಗೆ 60 ದಿನದ ಕಾಗದದ ನಂಬರ್ ಪ್ಲೇಟ್ ಅಂಟಿಸಿ, ಕೈ ಕುಲುಕಿ ಕಳಿಸಿದ.

60 ದಿನ ಕಳೆಯಿತು. ಟೆಕ್ಸಾಸ್ ಬಿಸಿಲಿಗೆ ಆ ಕಾಗದದ ಮಸಿ ಮಾಸಿ ತಿಳಿ ನೇರಳೆಯಾಯಿತು. ನಿಜವಾದ ಪ್ಲೇಟ್ ಬರಲಿಲ್ಲ, ಟೈಟಲ್, ಅಂದರೆ ಗಾಡಿಯ ಒಡೆತನದ ಪತ್ರವೂ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ 'ಮುಂದಿನ ವಾರ' ಅನ್ನುವ ಉತ್ತರ. ಕಾಲೊನಿಯ ಸಂಘದವರು ಮನೆ ಮುಂದೆ ನಿಲ್ಲಿಸಲು ಬಿಡುವುದಿಲ್ಲವಾದ್ದರಿಂದ ಗಾಡಿ ಬಾಡಿಗೆ ಜಾಗದಲ್ಲಿ ನಿಂತಿತ್ತು. ಅತ್ತೆ ಒಂದು ಭಾನುವಾರ ಅಲ್ಲಿಗೇ ಹೋಗಿ, ಒಳಗೆ ಗ್ಯಾಸ್ ಹಚ್ಚಿ, ಕಾಫಿ ಮಾಡಿ ಎಲ್ಲರಿಗೂ ಕೊಟ್ಟು ಬಂದರು. ಅವರ ಆರ್‌ವಿ ಪ್ರವಾಸ ಅಷ್ಟೇ.

ಆಗಿದ್ದೇನು ಅಂತ ಆಮೇಲೆ ಹೇಳ್ತೀನಿ. ನಮ್ಮವರು ಅಲ್ಲಿ ಆರ್‌ವಿ ಕೊಳ್ಳುವುದು ಜಾಸ್ತಿಯಾಗಿದೆ. ಎಂಜಿನ್, ಟೈರು, ಚಾವಣಿ ಸೋರುತ್ತದಾ ಅಂತೆಲ್ಲ ಚೆನ್ನಾಗಿಯೇ ನೋಡುತ್ತಾರೆ. ಕಾಗದ ಮಾತ್ರ 'ಡೀಲರ್ ನೋಡಿಕೊಳ್ತಾನೆ ಬಿಡಿ' ಅಂತ ಬಿಡುತ್ತಾರೆ. ಊರಿನಲ್ಲಿ ಸೈಟ್ ಕೊಳ್ಳುವಾಗ ಹಾಗೆ ಬಿಡ್ತೀವಾ? ಮೂಲ ಪತ್ರ ಕೇಳ್ತೀವಿ, ಇಸಿ ತೆಗೆಸ್ತೀವಿ, ಪರಿಚಯದ ವಕೀಲರಿಗೆ ತೋರಿಸ್ತೀವಿ. ಆರ್‌ವಿಯನ್ನೂ ಹಾಗೇ ಕೊಳ್ಳಬೇಕು.

ಟೈಟಲ್ ಬೇರೆ, ರಿಜಿಸ್ಟ್ರೇಷನ್ ಬೇರೆ

ನಮ್ಮಲ್ಲಿ ಆರ್‌ಸಿ ಒಂದೇ ಕಾಗದ. ಅದರಲ್ಲೇ ಮಾಲೀಕನ ಹೆಸರು, ಅದರಲ್ಲೇ ಬ್ಯಾಂಕಿನ ಹೈಪೋಥಿಕೇಶನ್. ಅಮೆರಿಕದಲ್ಲಿ ಎರಡು ಕಾಗದ. ಟೈಟಲ್ ಅಂದರೆ ಗಾಡಿ ಯಾರದ್ದು ಅಂತ ಹೇಳುವ ಪತ್ರ. ರಿಜಿಸ್ಟ್ರೇಷನ್ ಅಂದರೆ ರಸ್ತೆಗೆ ಇಳಿಸಲು ಅನುಮತಿ, ಅದನ್ನು ಆಗಾಗ ನವೀಕರಿಸುತ್ತಿರಬೇಕು. ಎರಡನ್ನೂ ಕೊಡುವುದು ಆಯಾ ರಾಜ್ಯ. ಟೆಕ್ಸಾಸ್‌ನಲ್ಲಿ ಈ ಕೆಲಸ ಕೌಂಟಿಯ ತೆರಿಗೆ ಕಚೇರಿಯಲ್ಲಿ ಆಗುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿಯಲ್ಲಿ, ಅಂದರೆ ರಾಜ್ಯದ ಮೋಟಾರು ವಾಹನ ಇಲಾಖೆಯಲ್ಲಿ.

ಹೊಚ್ಚ ಹೊಸ ಗಾಡಿಗೆ ಟೈಟಲ್ ಇರುವುದಿಲ್ಲ. ತಯಾರಕರು ಕೊಟ್ಟ ಮೂಲ ಪ್ರಮಾಣಪತ್ರ ಇರುತ್ತದೆ, ಎಂಎಸ್‌ಒ ಅಂತ ಕರೆಯುತ್ತಾರೆ. ಅದನ್ನು ಕೊಟ್ಟರೆ ರಾಜ್ಯ ನಿಮ್ಮ ಹೆಸರಿಗೆ ಮೊದಲ ಟೈಟಲ್ ಬರೆಯುತ್ತದೆ. ಎಂಜಿನ್ ಇರುವ ಮೋಟರ್‌ಹೋಮ್‌ನಲ್ಲಿ ಇನ್ನೊಂದು ತೊಡಕಿದೆ. ಚಾಸಿಯನ್ನು ಫೋರ್ಡ್, ಮರ್ಸಿಡಿಸ್ ಅಥವಾ ಫ್ರೈಟ್‌ಲೈನರ್ ಮಾಡಿರುತ್ತದೆ, ಮೇಲಿನ ಮನೆಯನ್ನು ಬೇರೆ ಕಂಪನಿ ಕಟ್ಟಿರುತ್ತದೆ. ಹೆಚ್ಚಿನವು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಹಾಗಾಗಿ ಚಾಸಿಗೆ ಒಂದು, ಮನೆಗೆ ಒಂದು ಅಂತ ಎರಡು ಎಂಎಸ್‌ಒ ಇರಬಹುದು. ಚಾಸಿ 2023ರದ್ದು, ಮನೆ 2024ರ ಮಾಡೆಲ್ ಅನ್ನುವುದೂ ಮಾಮೂಲು. ಅದು ಮೋಸವಲ್ಲ. ಆದರೆ ಅರ್ಜಿಯಲ್ಲಿ ಯಾವ ವರ್ಷ ಬರೆಯುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ಇನ್ಶೂರೆನ್ಸ್, ಸಾಲ, ಟೈಟಲ್ ಮೂರರಲ್ಲೂ ಅದೇ ವರ್ಷ ಇರಬೇಕು.

ಮೊದಲ ಪ್ರಶ್ನೆ: ಈಗ ಇದು ಯಾರ ಗಾಡಿ?

ಅಂಗಳದಲ್ಲಿ ನಿಂತ ಗಾಡಿ ಡೀಲರ್‌ನದ್ದೇ ಆಗಿರಬೇಕಿಲ್ಲ. ನಮ್ಮವರು ಎಡವುವುದು ಇಲ್ಲೇ.

ಹೊಸ ಗಾಡಿಗಳನ್ನು ಡೀಲರ್ ಸಾಮಾನ್ಯವಾಗಿ ಬ್ಯಾಂಕ್ ಸಾಲದ ಮೇಲೆ ತರಿಸಿರುತ್ತಾನೆ. ಇದಕ್ಕೆ ಫ್ಲೋರ್ ಪ್ಲಾನ್ ಅಂತ ಹೆಸರು. ಒಂದೊಂದು ಗಾಡಿ ಮಾರಿದ ಹಾಗೆ ಅದರ ಸಾಲ ತೀರಿಸಬೇಕು. ತೀರಿಸುವ ತನಕ ಮೂಲ ಕಾಗದ ಸಾಲ ಕೊಟ್ಟವರ ಹಿಡಿತದಲ್ಲೇ ಇರಬಹುದು. ವ್ಯಾಪಾರ ಕುಸಿದಾಗ ಕೆಲವರು ನಿಮ್ಮ ದುಡ್ಡಿನಲ್ಲಿ ಸಿಬ್ಬಂದಿ ಸಂಬಳ ಕೊಟ್ಟು, ಬ್ಯಾಂಕಿಗೆ ಆಮೇಲೆ ಕಟ್ಟೋಣ ಅಂತ ಸುಮ್ಮನಾಗುತ್ತಾರೆ. ಗಾಡಿ ನಿಮ್ಮ ಹತ್ತಿರ, ಕಾಗದ ಅವರ ಹತ್ತಿರ.

ಹಳೆ ಗಾಡಿಯದು ಇನ್ನೂ ನಾಜೂಕು. ಬೇರೆಯವರ ಗಾಡಿಯನ್ನು ಕಮಿಷನ್ ಮೇಲೆ ಮಾರಿಕೊಡುವ ಪದ್ಧತಿ ಆರ್‌ವಿ ವ್ಯಾಪಾರದಲ್ಲಿ ತುಂಬ ಇದೆ. ಕನ್‌ಸೈನ್‌ಮೆಂಟ್ ಅನ್ನುತ್ತಾರೆ. ಟೈಟಲ್ ಹಳೆ ಮಾಲೀಕನ ಹೆಸರಿನಲ್ಲಿರುತ್ತದೆ, ಅದರ ಮೇಲೆ ಅವನ ಬ್ಯಾಂಕಿನ ಸಾಲದ ಹಕ್ಕು, ಅಂದರೆ ಲೀನ್ ಇರಬಹುದು. ನೀವು ಡೀಲರ್‌ಗೆ ಕೊಟ್ಟ ದುಡ್ಡು ಆ ಬ್ಯಾಂಕಿಗೆ ಹೋಗದಿದ್ದರೆ ಲೀನ್ ಹೋಗುವುದಿಲ್ಲ. ಲೀನ್ ಹೋಗದೆ ಟೈಟಲ್ ನಿಮ್ಮ ಹೆಸರಿಗೆ ಆಗುವುದಿಲ್ಲ.

ಭಾಮೈದನಿಗೆ ಆಗಿದ್ದು ಇದೇ. ಅವನು ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ ಸಾಲ ಮಾಡಿದ್ದ. ಮೂರು ತಿಂಗಳಾದ ಮೇಲೆ 'ನಮ್ಮ ಲೀನ್ ಇರುವ ಟೈಟಲ್ ಎಲ್ಲಿ?' ಅಂತ ಅವರಿಂದಲೂ ಪತ್ರ ಬಂತು. ಒಂದೇ ಗಾಡಿಗೆ ಎರಡು ಸಾಲ, ಕಂತು ಕಟ್ಟುವವನು ಇವನು.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಟೈಟಲ್ ಅಥವಾ ಎಂಎಸ್‌ಒ ಕಣ್ಣಾರೆ ತೋರಿಸಿ ಅನ್ನಿ. ಮುಂಭಾಗದಲ್ಲಿ ಮಾಲೀಕನ ಹೆಸರು, ಲೀನ್‌ನ ಕಾಲಂ. ಹಿಂಭಾಗದಲ್ಲಿ ಯಾರು ಯಾರಿಗೆ ಮಾರಿದರು ಅನ್ನುವ ಸಹಿಗಳ ಸರಪಳಿ. ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ, ಎಲ್ಲಾದರೂ ವೈಟ್ನರ್ ಹಚ್ಚಿ ತಿದ್ದಿದ್ದರೂ ಮುಂದೆ ಹೋಗಬೇಡಿ. ತಿದ್ದಿದ ಟೈಟಲನ್ನು ಕಚೇರಿಯವರು ತೆಗೆದುಕೊಳ್ಳುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಲೀನ್ ಇರುವ ಟೈಟಲ್ ಕಾಗದದಲ್ಲಿ ಇರುವುದೇ ಇಲ್ಲ, ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಹೆಸರಿನಲ್ಲಿ ಕೂತಿರುತ್ತದೆ. ಆಗ ಬ್ಯಾಂಕಿನ ಪೇಆಫ್ ಪತ್ರ ಕೇಳಿ. ಇಂಥ ತಾರೀಖಿನೊಳಗೆ ಇಷ್ಟು ಕಟ್ಟಿದರೆ ಸಾಲ ಚುಕ್ತಾ ಅಂತ ಅದರಲ್ಲಿ ಇರುತ್ತದೆ. ಅಷ್ಟು ದುಡ್ಡನ್ನು ನೇರವಾಗಿ ಆ ಬ್ಯಾಂಕಿಗೇ ಕೊಟ್ಟು, ಉಳಿದದ್ದನ್ನು ಡೀಲರ್‌ಗೆ ಕೊಡ್ತೀನಿ ಅನ್ನಿ. ಒಪ್ಪದ ಡೀಲರ್‌ಗೆ ನಮಸ್ಕಾರ ಹೇಳಿ ಬನ್ನಿ. ಅಮೆರಿಕದಲ್ಲಿ ಆರ್‌ವಿಗೇನು ಬರ ಇಲ್ಲ.

ನಿಮ್ಮ ಹಳೆ ಗಾಡಿಯನ್ನು ಬದಲಿಗೆ ಕೊಡುತ್ತಿದ್ದರೆ ಇದೇ ಕಥೆ ತಿರುಗಿಸಿ ಓದಿ. ಡೀಲರ್ ನಿಮ್ಮ ಹಳೆ ಸಾಲ ತೀರಿಸಿ ಬಾಕಿ ಸೊನ್ನೆ ಅಂತ ಕಾಣುವ ತನಕ ಕಂತು ನಿಲ್ಲಿಸಬೇಡಿ. ಕಟ್ಟದಿದ್ದರೆ ಕೆಡುವುದು ನಿಮ್ಮ ಕ್ರೆಡಿಟ್ ಸ್ಕೋರು.

17 ಅಕ್ಷರ, ಬೆರಳಿಟ್ಟು ಓದಿ

ವಿನ್ ಅಂದರೆ ಗಾಡಿಯ ಗುರುತಿನ ನಂಬರ್. 1981ರಿಂದ ಈಚಿನ ಗಾಡಿಗಳ ವಿನ್ ನಂಬರ್‌ನಲ್ಲಿ ಅಂಕಿಗಳೂ ಸೇರಿ 17 ಅಕ್ಷರ ಇರುತ್ತವೆ. ಐ, ಓ, ಕ್ಯೂ ಬಳಸುವುದಿಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗುತ್ತದೆ ಅಂತ. ಹತ್ತನೇ ಅಕ್ಷರ ಮಾಡೆಲ್ ವರ್ಷ: 2023ಕ್ಕೆ ಪಿ, 2024ಕ್ಕೆ ಆರ್, 2025ಕ್ಕೆ ಎಸ್.

ಮೋಟರ್‌ಹೋಮ್‌ನಲ್ಲಿ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಮೂಲೆಯಲ್ಲಿ ನೋಡಿ. ಎಳೆದುಕೊಂಡು ಹೋಗುವ ಟ್ರೇಲರ್ ಆದರೆ ಮುಂಭಾಗದ ಎಡ ಮಗ್ಗುಲಿನ ಸ್ಟಿಕ್ಕರ್ ಓದಿ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಟೈಟಲ್, ಒಪ್ಪಂದ, ಇನ್ಶೂರೆನ್ಸ್ ಕಾಗದ ಒಂದೊಂದನ್ನೇ ಪಕ್ಕದಲ್ಲಿಟ್ಟು, ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಬೆರಳಿಟ್ಟು ನೋಡಿ. 8 ಇರಬೇಕಾದ ಕಡೆ ಬಿ ಬಿದ್ದಿರುತ್ತದೆ. ಮನೆ ಕಟ್ಟಿದ ಕಂಪನಿಯ ಸೀರಿಯಲ್ ನಂಬರನ್ನೇ ವಿನ್ ಅಂತ ಬರೆದುಬಿಟ್ಟಿರುತ್ತಾರೆ. ಒಂದು ಅಕ್ಷರ ತಪ್ಪಿದರೂ ಅರ್ಜಿ ವಾಪಸ್.

ಗಾಡಿಯ ಜಾತಕ

ಎನ್‌ಎಂವಿಟಿಐಎಸ್ ಅನ್ನುವ ರಾಷ್ಟ್ರ ಮಟ್ಟದ ಟೈಟಲ್ ದಾಖಲೆ ಇದೆ. ಅದರಿಂದ ವರದಿ ತೆಗೆದುಕೊಡಲು ಅನುಮತಿ ಪಡೆದ ವೆಬ್‌ಸೈಟ್‌ಗಳು ಸಣ್ಣ ಶುಲ್ಕ ಕೇಳುತ್ತವೆ, ಕೊಡಿ. ಇನ್ಶೂರೆನ್ಸ್ ಕಂಪನಿಗಳ ಅಪರಾಧ ತಡೆ ಸಂಸ್ಥೆ ಎನ್‌ಐಸಿಬಿಯ ವಿನ್‌ಚೆಕ್ ಪುಕ್ಕಟೆ. ಕಳುವಾದ ಗಾಡಿಯಾ, ಗುಜರಿಗೆ ಬಿದ್ದದ್ದಾ ಅಂತ ಗೊತ್ತಾಗುತ್ತದೆ. ನೆರೆಯಲ್ಲಿ ಮುಳುಗಿದ ಗಾಡಿಯ ಟೈಟಲ್ ಮೇಲೆ ರಾಜ್ಯ ಅದನ್ನು ಗುರುತು ಹಾಕಿರುತ್ತದೆ. ಕೆಲವರು ಅಂಥ ಗಾಡಿಯನ್ನು ರಾಜ್ಯದಿಂದ ರಾಜ್ಯಕ್ಕೆ ದಾಟಿಸಿ ಗುರುತು ಅಳಿಸಿಹೋಗುವ ಹಾಗೆ ಮಾಡುತ್ತಾರೆ. 2005ರ ಕತ್ರೀನಾ ಚಂಡಮಾರುತದ ನಂತರ ಸರ್ಕಾರ ಸಂತ್ರಸ್ತರಿಗೆ ಕೊಟ್ಟಿದ್ದ ಟ್ರೇಲರ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ವಿಷಾನಿಲ ಜಾಸ್ತಿ ಇತ್ತು. ಆಮೇಲೆ ಅವನ್ನು 'ವಾಸಕ್ಕಲ್ಲ' ಅನ್ನುವ ಸ್ಟಿಕ್ಕರ್ ಹಾಕಿ ಹರಾಜು ಹಾಕಿದರು. ಕೊಂಡವರಲ್ಲಿ ಕೆಲವರು ಸ್ಟಿಕ್ಕರ್ ಕಿತ್ತು ಮಾರಿದರು.

ಸಹಿ ಹಾಕುವ ಮೇಜಿನ ಮುಂದೆ

ಫೈನಾನ್ಸ್ ಆಫೀಸಿನಲ್ಲಿ ಕಾಗದದ ಕಟ್ಟು ಮುಂದೆ ಬರುವ ಹೊತ್ತಿಗೆ ಸಂಜೆ ಆಗಿರುತ್ತದೆ, ಮಕ್ಕಳು ರಚ್ಚೆ ಹಿಡಿದಿರುತ್ತವೆ. ಆದರೂ ಎರಡು ವಿಷಯ ಬಿಡಬೇಡಿ.

ಒಂದು, ಟೈಟಲ್ ಅರ್ಜಿ ಯಾವ ತಾರೀಖಿನೊಳಗೆ ಸಲ್ಲಿಸುತ್ತಾರೆ, ಸಲ್ಲಿಸದಿದ್ದರೆ ಏನು ಅಂತ ಒಪ್ಪಂದದಲ್ಲೇ ಬರೆಸಿ. ಕಾನೂನಿನಲ್ಲಿ ಗಡುವು ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೊಸದಕ್ಕೆ 20 ದಿನ, ಹಳೆಯದಕ್ಕೆ 30 ದಿನ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 30 ದಿನ. ಗಡುವು ದಾಟಿದರೆ ಗಾಡಿ ವಾಪಸ್, ದುಡ್ಡು ವಾಪಸ್ ಅನ್ನುವ ಒಂದು ಸಾಲು ಸೇರಿಸಲು ಕೇಳಿ. ಬಾಯಿ ಮಾತಿನ ಭರವಸೆಗೆ ಬೆಲೆ ಇಲ್ಲ.

ಎರಡು, ಹೆಸರು. ನಮ್ಮವರ ಪಾಡು ಇದರಲ್ಲೇ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದವರ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅದೇ ಡ್ರೈವಿಂಗ್ ಲೈಸೆನ್ಸ್‌ಗೂ ಇಳಿದಿರುತ್ತದೆ. ಟೈಟಲ್ ಅರ್ಜಿಯಲ್ಲಿ ಹೆಸರು ಲೈಸೆನ್ಸ್‌ನಲ್ಲಿ ಇದ್ದ ಹಾಗೇ ಇರಲಿ, ಚಂದ ಕಾಣಲಿ ಅಂತ ತಂದೆಯ ಹೆಸರೋ ಊರ ಹೆಸರೋ ಸೇರಿಸಬೇಡಿ. ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸುವಾಗ ನಡುವೆ 'ಮತ್ತು' ಇದೆಯೋ 'ಅಥವಾ' ಇದೆಯೋ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 'ಮತ್ತು' ಅಂದರೆ ಮುಂದೆ ಮಾರುವಾಗ ಇಬ್ಬರೂ ಸಹಿ ಹಾಕಬೇಕು, 'ಅಥವಾ' ಆದರೆ ಒಬ್ಬರು ಸಾಕು.

ಪ್ಲೇಟ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ನಕಲಿ ಕಾಗದದ ಪ್ಲೇಟ್‌ಗಳ ಹಾವಳಿ ಎಷ್ಟಿತ್ತೆಂದರೆ 2025ರ ಜುಲೈ 1ರಿಂದ ಅವನ್ನೇ ರದ್ದು ಮಾಡಿ, ಡೀಲರ್‌ಗಳೇ ಲೋಹದ ಪ್ಲೇಟ್ ಕೊಡುವ ಹಾಗೆ ಮಾಡಿದ್ದಾರೆ. ಲೋಹದ ಪ್ಲೇಟ್ ಬಂತು ಅಂದರೆ ಟೈಟಲ್ ಆಯಿತು ಅಂತ ಅರ್ಥವಲ್ಲ.

ಮೊಂಟಾನಾದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲ್ಲೊಂದು ಕಂಪನಿ ತೆರೆದು ಅದರ ಹೆಸರಿಗೆ ರಿಜಿಸ್ಟರ್ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನೀವು ವಾಸ ಇರುವ ರಾಜ್ಯ ಬಾಕಿ ತೆರಿಗೆಯನ್ನು ದಂಡದ ಸಮೇತ ಕೇಳಬಹುದು. ವೀಸಾ ಮೇಲೆ ಇರುವವರಿಗಂತೂ ಈ ಚಾಲಾಕಿತನ ಬೇಡವೇ ಬೇಡ.

ಕಾಗದ ಬರಲೇ ಇಲ್ಲ, ಈಗೇನು?

ಗಡುವು ದಾಟಿದ ಮರುದಿನವೇ ಶುರು ಮಾಡಿ. ಡೀಲರ್‌ಗೆ ಫೋನ್ ಮಾಡುವುದು ನಿಲ್ಲಿಸಿ, ಬರೆಯಿರಿ. ಸರ್ಟಿಫೈಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್‌ನಲ್ಲೂ ಕಳಿಸಿ. ಕೌಂಟಿ ಕಚೇರಿಗೆ ಹೋಗಿ ಈ ವಿನ್‌ಗೆ ಅರ್ಜಿ ಬಂದಿದೆಯಾ ಅಂತ ಕೇಳಿ. ಭಾಮೈದ ನಾಲ್ಕನೇ ತಿಂಗಳಿಗೆ ಈ ಕೆಲಸ ಮಾಡಿದ. ಕೌಂಟರ್‌ನಲ್ಲಿದ್ದ ಹೆಂಗಸು ಎರಡು ನಿಮಿಷ ಕಂಪ್ಯೂಟರ್ ನೋಡಿ, 'ಯಾರೂ ಏನೂ ಸಲ್ಲಿಸಿಲ್ಲ' ಅಂದಳಂತೆ. ನಾಲ್ಕು ತಿಂಗಳ 'ಮುಂದಿನ ವಾರ' ಅಲ್ಲಿಗೆ ಮುಗಿಯಿತು.

ಆಮೇಲೆ ಡೀಲರ್‌ಗೆ ಲೈಸೆನ್ಸ್ ಕೊಟ್ಟ ರಾಜ್ಯ ಇಲಾಖೆಗೆ ದೂರು ಕೊಡಿ. ಟೆಕ್ಸಾಸ್‌ನಲ್ಲಿ ರಾಜ್ಯದ ಡಿಎಂವಿ, ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿಯ ತನಿಖಾ ವಿಭಾಗ. ಜೊತೆಗೆ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗ. ಎಷ್ಟೋ ರಾಜ್ಯಗಳಲ್ಲಿ ಡೀಲರ್ ಒಂದು ಬಾಂಡ್, ಅಂದರೆ ಜಾಮೀನು ಇಟ್ಟಿರಬೇಕು, ಕ್ಯಾಲಿಫೋರ್ನಿಯಾದಲ್ಲಿ ಅದು ಸಾಮಾನ್ಯವಾಗಿ 50,000 ಡಾಲರ್. ಡೀಲರ್ ಮುಳುಗಿದರೆ ಆ ಬಾಂಡ್ ಮೇಲೆ ಕ್ಲೇಮ್ ಹಾಕಬಹುದು. ಡೀಲರ್ ಮೂಲಕವೇ ಸಾಲ ಆಗಿದ್ದರೆ ಒಪ್ಪಂದದಲ್ಲಿ 'ಹೋಲ್ಡರ್' ನೋಟಿಸ್ ಹುಡುಕಿ. 1976ರಿಂದ ಇರುವ ಕೇಂದ್ರ ನಿಯಮ ಅದು. ಡೀಲರ್ ಮೇಲಿನ ತಕರಾರನ್ನು ಸಾಲ ಕೊಟ್ಟವರ ಮುಂದೆಯೂ ಇಡಲು ಅದು ದಾರಿ ಮಾಡಿಕೊಡುತ್ತದೆ. ದೊಡ್ಡ ಸಾಲಗಳಲ್ಲಿ ಆ ನೋಟಿಸ್ ಇಲ್ಲದೆಯೂ ಇರಬಹುದು. ಕಂತು ನಿಲ್ಲಿಸುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ಯಾವ ದಾರಿಯೂ ಇಲ್ಲದಾಗ ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಬಾಂಡೆಡ್ ಟೈಟಲ್ ಇದೆ. ಗಾಡಿಯ ಬೆಲೆಯ ಒಂದೂವರೆ ಪಟ್ಟಿಗೆ ಬಾಂಡ್ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸುವುದು. ಆದರೆ ಹಳೆ ಲೀನ್ ಇರುವಾಗ ಇದು ಸುಲಭಕ್ಕೆ ಆಗುವುದಿಲ್ಲ.

ಭಾಮೈದ ದೂರು ಕೊಟ್ಟ ಮೇಲೆ ಡೀಲರ್ ಹಳೆ ಬ್ಯಾಂಕಿಗೆ ದುಡ್ಡು ಕಟ್ಟಿದ. ಗಾಡಿ ಅವನ ಹೆಸರಿಗೆ ಆಗುವ ಹೊತ್ತಿಗೆ ಅತ್ತೆ ಮಾವ ಮೈಸೂರಿಗೆ ಬಂದು ಮೂರು ವಾರವಾಗಿತ್ತು. ಸಂಜೆ ವಿಡಿಯೊ ಕಾಲ್‌ನಲ್ಲಿ ಅವನು ಹೊಸ ಪ್ಲೇಟ್ ತೋರಿಸಿದ. ಅತ್ತೆ ನೋಡಿ, 'ಅದರ ಒಲೆ ಚೆನ್ನಾಗಿ ಉರಿಯತ್ತೆ ಕಣೋ' ಅಂದರು.